ಕಾಗದದ ಕೌದಿ

ನೀಲವ್ವ ದೊಡ್ಡವ್ವ ಯಾರ ಮನೆಗೆ ಹೋದರೂ ಮೊದಲು ಅವರ ಕೌದಿಯ ಮೂಲೆ ಎತ್ತಿ ಹೊಲಿಗೆ ನೋಡುತ್ತಿದ್ದಳು. ನೋಡಿ ಒಂದು "ಹುಂ" ಅನ್ನುವಳು. ಆ "ಹುಂ" ಕೇಳಿ ಮಸ್ಕಿಯ ಎಷ್ಟು ಹೆಂಗಸರು ಚಹಾ ಕೊಡುವುದನ್ನೇ ಮರೆತರೋ ದೇವರಿಗೇ ಗೊತ್ತು. ನಮ್ಮ ಅಪ್ಪನ ಅಣ್ಣನ ಹೆಂಡತಿ ಈಕೆ. ಜಂಬ ಮೈತುಂಬ ಇತ್ತು, ಕೆಲಸ ಮಾತ್ರ ಯಾವುದೂ ಪೂರಾ ಬರುತ್ತಿರಲಿಲ್ಲ.

ನಿಜಾಮರ ರಾಜ್ಯ ಹೋಗಿ ನಾಲ್ಕೈದು ವರ್ಷವಾಗಿತ್ತು. ದೊಡ್ಡಪ್ಪ ಲಿಂಗಸುಗೂರಿನ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಅವರ ಪಕ್ಕದ ಮನೆಗೆ ಕಾಲುವೆ ಇಂಜಿನಿಯರರೊಬ್ಬರು ಬಂದರು. ಅವರ ಹೆಂಡತಿ ಮದರಾಸಿನ ಕಡೆಯವರು, ದೊರೆಸಾನಿಯರ ಶಾಲೆಯಲ್ಲಿ ಕಲಿತವರು. ಕಾಗದವನ್ನು ಆರು ಮೂಲೆ ಬರುವಂತೆ ಕತ್ತರಿಸಿ, ಅದಕ್ಕೆ ಬಟ್ಟೆ ಸುತ್ತಿ ಟಾಕು ಹಾಕಿ, ಅಂಚಿಗೆ ಅಂಚು ಕೂಡಿಸಿ ಹೊಲಿಯುವುದನ್ನು ಅವರು ದೊಡ್ಡವ್ವನಿಗೆ ತೋರಿಸಿದರು. ಕೊನೆಗೆ ಏನು ಮಾಡಬೇಕೆಂದು ತೋರಿಸುವ ಮೊದಲೇ ಗಂಡನಿಗೆ ವರ್ಗವಾಯಿತು. ದೊಡ್ಡವ್ವ ಮಾತ್ರ ಎಲ್ಲ ಕಲಿತವಳಂತೆ ನಮ್ಮೂರು ಮಸ್ಕಿಗೆ ಬಂದಳು.

"ನಿಮ್ಮದೇನು ಕೌದಿ ಬೇ? ಹರಕಿನ ಮ್ಯಾಲ ಹರಕು ಒಗದು ಹೊಲದ್ರ ಕೌದಿ ಆಕೈತೇನು?" ಎಂದು ನಮ್ಮವ್ವನ ಮುಂದೆಯೇ ಅಂದಳು. ನಮ್ಮವ್ವ ಹೊಲಿದ ಕೌದಿ ಹೊದ್ದೇ ಆಕೆಯ ಮಗಳು ಶಾಂತಕ್ಕ ಬೆಳೆದಿದ್ದಳು, ಅದು ನೆನಪಾಗಲಿಲ್ಲ.

ಆಗ ಶಾಂತಕ್ಕ ಚೊಚ್ಚಲ ಬಾಣಂತಿ. ಕೂಸಿನ ಸಂಗಡ ಸಿಂಧನೂರಿನ ಅತ್ತೆಮನೆಗೆ ಹೋಗುವಾಗ ತವರಿನ ಕೌದಿ ಹೋಗಬೇಕು. ಬೀಗತಿ ಮೊದಲೇ ನಾಲಿಗೆ ಚೂಪಿನ ಹೆಂಗಸು. ಆಕೆಯ ಬಾಯಿ ಮುಚ್ಚಿಸುತ್ತೇನೆಂದು ದೊಡ್ಡವ್ವ ಕಚೇರಿಯ ರದ್ದಿ ಉರ್ದು ಕಾಗದ ತರಿಸಿ ಕತ್ತರಿಸತೊಡಗಿದಳು. ನೋಡಲು ಚೆಂದವೇ ಆಯಿತು, ಸುಳ್ಳು ಹೇಳಬಾರದು. ಆದರೆ ಕೂಡಿಸಿದ ಮೇಲೆ ಕಾಗದ ತೆಗೆಯಬೇಕೆಂಬುದು ಆಕೆಗೆ ಗೊತ್ತೇ ಇರಲಿಲ್ಲ. ಕಾಗದ ಒಳಗಿದ್ದಂತೆಯೇ ಹಿಂದೆ ಹಳೆ ಸೀರೆ ಕೊಟ್ಟು ಸುತ್ತಲೂ ಹೊಲಿದು ಮುಚ್ಚಿಬಿಟ್ಟಳು. ಮುಟ್ಟಿದರೆ ಒಣಗಿದ ಎಲೆಯಂತೆ ಸಪ್ಪಳ.

ಕೌದಿ ಮುಚ್ಚುವಾಗ ನಡುವೆ ಒಂದು ತುಂಡು ರೊಟ್ಟಿ ಇಟ್ಟು ಹೊಲಿಯುವುದು ನಮ್ಮಲ್ಲಿಯ ಪದ್ಧತಿ. ಕೌದಿ ಹಸಿದಿದ್ದರೆ ಹೊದ್ದವರೂ ಹಸಿಯುತ್ತಾರೆ ಎನ್ನುತ್ತಾರೆ. ಯಾಕೆ ಇಡಲಿಲ್ಲ ಅಕ್ಕಾ ಎಂದು ನಮ್ಮವ್ವ ಕೇಳಿದಳು.

"ಸರಕಾರದ ಕಾಗದ ತಿಂದೈತಿ. ನಿಮ್ಮ ರೊಟ್ಟಿ ಯಾಕ ಬೇಕು ಅದಕ?" ಅಂದಳು ದೊಡ್ಡವ್ವ.

ಕೌದಿಯ ಮೇಲೆ ಮಲಗಿದ ಕೂಸು ಕೂಸಿನ ಕೆಲಸ ಮಾಡಿತು. ಸಿಂಧನೂರಿನಲ್ಲಿ ಬೀಗತಿ ಕೌದಿಯನ್ನು ನೀರಿಗೆ ಹಾಕಿದಳು. ಕಾಗದ ಕಲಸಿದ ಹಿಟ್ಟಿನಂತೆ ಗಂಟುಗಂಟಾಯಿತು, ಮಸಿ ಬಿಟ್ಟು ಬಿಳಿ ತುಂಡುಗಳೆಲ್ಲ ನೀಲಿಯಾದವು. ಆ ಪುಣ್ಯಾತ್ಗಿತ್ತಿ ಅದನ್ನು ಹಿತ್ತಲಲ್ಲಿ ಒಣಗಿಸಲಿಲ್ಲ, ಬೀದಿಯ ಬಾಗಿಲಲ್ಲೇ ಹಾಕಿದಳು. ಕೂಸಿಗೆ ಕಚೇರಿಯ ಕಸ ಹಾಸುವ ಮನೆಗೆ ಇನ್ನು ಸೊಸೆಯನ್ನು ಕಳಿಸುವುದಿಲ್ಲವೆಂದು ಓಣಿಯೆಲ್ಲ ಕೇಳುವಂತೆ ಅಂದಳಂತೆ.

ಸುದ್ದಿ ಬಂದ ದಿನವೇ ದೊಡ್ಡವ್ವ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ದೊಡ್ಡ ಜಗಳ ನೋಡಲು ಸಿಗುತ್ತದೆಂದು ನಾನೂ ಹುರುಪಿನಿಂದ ಹೋದೆ. ಒಳಗೆ ಶಾಂತಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು, ಅತ್ತು ಅತ್ತು ಕಣ್ಣು ಬಾತಿದ್ದವು. ದೊಡ್ಡವ್ವ ಮಗಳ ಮುಖ ನೋಡಿದಳು. ಜಗಳ ಮಾಡಲಿಲ್ಲ. ಕೌದಿ ಇಳಿಸಿಕೊಂಡು ಬೀಗರ ಕಟ್ಟೆಯ ಮೇಲೆಯೇ ಕೂತು ಹೊಲಿಗೆ ಬಿಚ್ಚತೊಡಗಿದಳು. ಓಣಿಯ ಹೆಂಗಸರು ನಿಂತು ನಗುತ್ತಿದ್ದರು. ಆಕೆ ಒಂದೊಂದೇ ತುಂಡಿನಿಂದ ಕಾಗದದ ಮುದ್ದೆ ಕೆದರಿ ತೆಗೆದಳು, ಸೀರೆ ಮತ್ತೆ ಕೊಟ್ಟು, ನಮ್ಮವ್ವ ಹೊಲಿಯುವ ಹಾಗೆಯೇ ಉದ್ದಕ್ಕೂ ಸಾದಾ ಹೊಲಿಗೆ ಹಾಕಿದಳು. ಸಂಜೆಯ ಹೊತ್ತಿಗೆ ನಡುವಿನ ಒಂದು ತುಂಡು ಮಾತ್ರ ಹೊಲಿಯದೆ ಉಳಿಯಿತು.

ಆಗ ತಲೆ ಎತ್ತದೆ ಅಂದಳು, "ಬೀಗ್ತೇರ, ಒಂದ್ ತುಂಡು ರೊಟ್ಟಿ ಕೊಡ್ರಿ. ಇದರ ಹೊಟ್ಟಿ ಖಾಲಿ ಐತಿ."

ದೊಡ್ಡವ್ವ ಒಬ್ಬರ ಮುಂದೆ ಏನನ್ನಾದರೂ ಬೇಡಿದ್ದನ್ನು ನಾನು ಕಂಡಿರಲಿಲ್ಲ. ನನಗೇ ನಾಚಿಕೆಯಾಗಿ ಬೀದಿಯ ಕಡೆ ತಿರುಗಿದೆ. ಬೀಗತಿ ಒಳಗೆ ಹೋಗಿ ರೊಟ್ಟಿ ತಂದಳು. ಉಗಾದಿಗೆ ಶಾಂತಾನ್ನ ಕಳಸ್ತೀನಿ ಎಂದಳು.

ಇದರಿಂದ ಬುದ್ಧಿ ಬಂತೇನು? ಮಸ್ಕಿಗೆ ಮರಳುವ ಬಸ್ಸಿನಲ್ಲೇ ಬೀಗತಿಯ ರೊಟ್ಟಿ ಎಷ್ಟು ದಪ್ಪ, ಎಷ್ಟು ಕರಕಲು ಎಂದು ಶುರುಮಾಡಿದಳು.

ಕೆಲವು ವರ್ಷಗಳ ಮೇಲೆ ದೊಡ್ಡವ್ವ ಹಾಸಿಗೆ ಹಿಡಿದಳು. ಶಾಂತಕ್ಕ ಅದೇ ಕೌದಿ ತಂದು ತಾಯಿಗೆ ಹೊದಿಸಿದ್ದಳು. ನಾನು ನೋಡಲು ಹೋದಾಗ ದೊಡ್ಡವ್ವ ನನ್ನ ಕೈ ಹಿಡಿದು ಕೌದಿಯ ನಡುವೆ ಇಟ್ಟಳು. "ನೋಡು, ಬೀಗ್ತಿ ರೊಟ್ಟಿ. ಇನ್ನಾ ಕರಗಿಲ್ಲ. ಎಷ್ಟು ಬಿರಸು ಬಡದಿದ್ಲು ನೋಡು."

ಎಷ್ಟೋ ಸಲ ಒಗೆದ ಕೌದಿ. ಅಲ್ಲಿ ದಾರದ ಗಂಟು ಬಿಟ್ಟರೆ ಏನೂ ಇರಲಿಲ್ಲ.

"ಹೌದು ದೊಡ್ಡವ್ವ, ಭಾಳ ಬಿರಸೈತಿ" ಅಂದೆ. ಆಕೆಯ ಮಾತಿಗೆ ನಾನು ಹೌದು ಅಂದದ್ದು ಅದೊಂದೇ ಸಲ. "ಹುಂ" ಅಂದು ಕಣ್ಣು ಮುಚ್ಚಿದಳು. ಮತ್ತೆ ನಾನು ಹೋಗುವಷ್ಟರಲ್ಲಿ ದಿನಕರ್ಮವೂ ಮುಗಿದಿತ್ತು, ಶಾಂತಕ್ಕ ಕೌದಿ ಮಡಚಿಕೊಂಡು ಸಿಂಧನೂರಿನ ಬಸ್ಸಿಗೆ ಹೊರಟಿದ್ದಳು.