ಆಯುಧಪೂಜೆ ಮತ್ತು ಆಮೆಯ ಬಿಸಿದೀಪ

ನಕ್ಷತ್ರ ಆಮೆ ನೀರಿನಲ್ಲಿ ಬಾಳುವ ಪ್ರಾಣಿಯಲ್ಲ. ಎರಡು ಸಾವಿರನೇ ಇಸವಿಯ ಆಚೀಚೆಯ ವರ್ಷಗಳಲ್ಲಿ, ಆಮೆಗಳನ್ನು ಬಿಡಿಸಲು ಹೋಗಿ, ಈ ಒಂದು ವಾಕ್ಯವನ್ನು ಮೈಸೂರಿನ ಎಷ್ಟೋ ಮನೆಗಳ ಬಾಗಿಲಲ್ಲಿ ನಿಂತು ಹೇಳಿದ್ದೇನೆ. ಅದು ಕುರುಚಲು ಕಾಡಿನ, ಒಣನೆಲದ ಜೀವ. ಆದರೆ ಹಿತ್ತಾಳೆ ಬೋಗುಣಿಯಲ್ಲಿ ನೀರು ತುಂಬಿ ಆಮೆ ಬಿಟ್ಟರೆ ಮನೆಯಲ್ಲಿ ಸಂಪತ್ತು ನಿಲ್ಲುತ್ತದೆಂದು ವಾಸ್ತು ಹೇಳುವವರು ಹೇಳಿದರು, ಬಣ್ಣದ ಮೀನು ಮಾರುವ ಅಂಗಡಿಯವರು ಹಿಂಬಾಗಿಲಿನಿಂದ ಮಾರಿದರು, ಓದುಬರಹ ಬಲ್ಲವರು ಕೊಂಡರು. ಮಾರುವುದೂ ಸಾಕುವುದೂ ಅಪರಾಧವೆಂಬುದು ಮೂವರಿಗೂ ಗೊತ್ತಿತ್ತು. ನಾನು ಓದಿದ ಶಾಲೆಯಲ್ಲಿ ಪರೀಕ್ಷೆಗಳಿರಲಿಲ್ಲ. ಅದರ ಬದಲು, ಕಣ್ಣಿಗೆ ಬಿದ್ದ ಅನ್ಯಾಯವನ್ನು ಅದರ ಹೆಸರು ಹಿಡಿದೇ ಕರೆಯಬೇಕೆಂದು ಕಲಿಸಿದ್ದರು. ಆದ್ದರಿಂದ ಹೇಳುತ್ತೇನೆ: ಇದು ಶ್ರದ್ಧೆಯಲ್ಲ, ನಿಧಾನವಾಗಿ ಮುಳುಗಿಸುವ ಕೊಲೆ.

ಅಂಥದೊಂದು ಬೋಗುಣಿಯಿಂದ ಬಿಡಿಸಿ ತಂದ ಆಮೆ ಸರಸ್ವತಿಪುರಂನ ನಮ್ಮ ಬಾಡಿಗೆ ಮನೆಗೆ ಬಂದಾಗ ಅದರ ಮೂಗಿನಿಂದ ನೊರೆ ಬರುತ್ತಿತ್ತು. ವಾಸಿಯಾದ ಮೇಲೆ ಕಾಡಿಗೆ ಬಿಡುವುದು, ಅಲ್ಲಿಯವರೆಗೆ ನಮ್ಮಲ್ಲಿರಲಿ ಎಂದು ಅರಣ್ಯ ಇಲಾಖೆಯ ಅಧಿಕಾರಿಗಳು ಒಪ್ಪಿದ್ದರು. ಪಶುವೈದ್ಯರು ಚಿಪ್ಪಿಗೆ ಕಿವಿ ಹಚ್ಚಿ ಕೇಳಿ, "ನ್ಯುಮೋನಿಯಾ. ಇಂಜೆಕ್ಷನ್ ನಾನು ಕೊಡ್ತೀನಮ್ಮ, ಬಿಸಿ ನೀವು ಕೊಡಬೇಕು. ತಣ್ಣಗಿರೋ ಮೈಗೆ ಔಷಧಿ ಹತ್ತಲ್ಲ" ಎಂದರು. ಆಮೆಗೆ ತನ್ನದೇ ಮೈಕಾವು ಇಲ್ಲ. ಹೊರಗಿನಿಂದ ಬಂದಷ್ಟೇ ಬಿಸಿ, ಅಷ್ಟೇ ಬದುಕು.

ಆದರೆ ಸರೀಸೃಪಗಳಿಗೆಂದೇ ಮಾಡಿದ ದೀಪ ಆಗ ಊರಿನ ಯಾವ ಅಂಗಡಿಯಲ್ಲೂ ಇರಲಿಲ್ಲ. ಪ್ರಾಣಿಯನ್ನು ಕದ್ದು ಮಾರುವ ವ್ಯಾಪಾರಕ್ಕೆ ಅದನ್ನು ಬದುಕಿಸುವ ಸಾಮಾನು ಇಡುವ ಹೊಣೆ ಏಕಿದ್ದೀತು? ಮೊದಲು ಒಂದು ಮರದ ಪೆಟ್ಟಿಗೆಗೆ ಸಾದಾ ನೂರು ವ್ಯಾಟಿನ ಬಲ್ಬು ಹಾಕಿದೆ. ಹಗಲಿರುಳು ಉರಿದ ಬಿಸಿಗೆ ಕರಿಯ ಹೋಲ್ಡರು ಸುಟ್ಟು ಕಮಟು ವಾಸನೆ ಬಂತು. ಪಿಂಗಾಣಿ ಹೋಲ್ಡರು ತಂದೆ. ಸಂಜೆ ಕುಗ್ಗಿ ಬೆಳಿಗ್ಗೆ ನುಗ್ಗುವ ವೋಲ್ಟೇಜಿಗೆ ಬಲ್ಬುಗಳು ಒಂದರ ಹಿಂದೊಂದು ಹೋದವು; ತಂತಿ ಎಷ್ಟು ಕಾಲ ಉರಿಯಬಲ್ಲದೆಂದು ಆ ಡಬ್ಬಗಳ ಮೇಲೆ ಯಾರೂ ಬರೆದಿರಲಿಲ್ಲ, ಅದೂ ಒಂದು ಮೋಸ. ಕೊನೆಗೆ ಸಿಕ್ಕಿದ್ದು ದಪ್ಪ ಗಾಜಿನ ಕೆಂಪು ಬಲ್ಬು. ಸೊಂಟನೋವಿಗೆ ಆಸ್ಪತ್ರೆಗಳಲ್ಲಿ ಕಾಯಿಸುವುದೂ ಕೋಳಿಮರಿಗಳನ್ನು ಬೆಚ್ಚಗಿಡುವುದೂ ಅದರಿಂದಲೇ. ಕೆಂಪಾದ್ದರಿಂದ ಆಮೆಯ ನಿದ್ದೆ ಕೆಡುವುದಿಲ್ಲ. ಪದೇ ಪದೇ ಆರಿಸಿ ಹೊತ್ತಿಸಿದರೆ ಬೇಗ ಸಾಯುತ್ತದೆ, ಸುಮ್ಮನೆ ಉರಿಯಲು ಬಿಟ್ಟರೆ ಬಾಳುತ್ತದೆ. ಪೂರ್ತಿ ತಣಿದ ಮೇಲೆ ಒಣಬಟ್ಟೆಯಲ್ಲಿ ಧೂಳು ತೆಗೆಯಬೇಕು. ಕಾದ ಗಾಜಿಗೆ ತೇವ ಸೋಕಬಾರದು. ಪೆಟ್ಟಿಗೆಗೆ ಒಂದು ಥರ್ಮಾಮೀಟರು ತೂಗುಹಾಕಿ, ಅದು ಮೂವತ್ತರ ಹತ್ತಿರ ನಿಲ್ಲುವವರೆಗೆ ದೀಪವನ್ನು ಏರಿಸಿ ಇಳಿಸಿದೆ. ಮೊದಲು ಹಾಕಿದ್ದ ಕೆಂಪು ಬಲ್ಬು ಗೌರಿಹಬ್ಬದ ಮಳೆಯಲ್ಲಿ, ಕರೆಂಟು ಹೋಗಿ ಬಂದ ಹೊಡೆತಕ್ಕೆ ಸುಟ್ಟುಹೋಯಿತು; ಜೊತೆಗೆ ತಂದಿಟ್ಟಿದ್ದ ಇನ್ನೊಂದನ್ನು ಹಾಕಿದೆ. ಬೇರೆ ಸರಕು ಅಂಗಡಿಗೆ ಇನ್ನೂ ಬಂದಿರಲಿಲ್ಲ.

ದಸರಾ ಬಂತು. ಆಯುಧಪೂಜೆಯ ದಿನ ಆಕಾಶ ಮುಚ್ಚಿಕೊಂಡು ಸೋನೆ ಹಿಡಿದಿತ್ತು. ಅವ್ವ ಬೆಳಿಗ್ಗೆಯಿಂದ ಈಳಿಗೆಮಣೆ, ಕತ್ತರಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು ಒರೆಸಿ ವಿಭೂತಿ ಎಳೆಯುತ್ತಿದ್ದಳು. ನನ್ನ ಮೊಪೆಡ್ಡಿಗೂ ಸೇವಂತಿಗೆ ಹಾರ ಬಿತ್ತು.

"ಅದಕ್ಕೂ ಒಂದಿಷ್ಟು ಪೂಜೆ ಆಗ್ಬೇಕಲ್ವೇನೇ?" ಎಂದು ಪೆಟ್ಟಿಗೆಯ ಕಡೆ ಕೈ ತೋರಿದಳು.

"ಬೇಡವ್ವ. ಅದು ಉರೀತಿರ್ಲಿ" ಎಂದು ಹೇಳಿ ನಾನು ಒಳಕೋಣೆಯಲ್ಲಿ ಆಮೆ ಮಾರಾಟದ ವಿರುದ್ಧ ಕರಪತ್ರ ಬರೆಯುತ್ತ ಕುಳಿತೆ.

ಆದರೆ ಆ ದಿನ ಮನೆಯಲ್ಲಿ ದುಡಿಯುವ ಯಾವ ವಸ್ತುವನ್ನೂ ಪೂಜೆಯಿಲ್ಲದೆ ಬಿಡುವುದು ಅವ್ವನ ಕಣ್ಣಿಗೆ ಕೃತಘ್ನತೆ. ಎಲ್ಲಕ್ಕಿಂತ ಹೆಚ್ಚು ದುಡಿದದ್ದು ಆ ದೀಪವೇ. ಅವಳು ಅದನ್ನು ಆರಿಸಿ, ತಣಿಯುವವರೆಗೂ ಕಾದು, ಬಿಚ್ಚಿ ತಂದು ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರಿನಲ್ಲಿ ಕಲಸಿದ ವಿಭೂತಿಯನ್ನು ಕೆಂಪು ಗಾಜಿನ ಮೇಲೆ ದಪ್ಪವಾಗಿ ಎಳೆದು, ಕುಂಕುಮವಿಟ್ಟು ಊದುಬತ್ತಿ ಬೆಳಗಿದಳು. ಮಿಕ್ಕ ಸಾಮಾನುಗಳನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಇದನ್ನು ಮಾತ್ರ, ಪಾಪ ಆಮೆಗೆ ಚಳಿ ಎಂದುಕೊಂಡು, ತೇವ ಆರುವ ಮೊದಲೇ ತಂದು ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಟಪ್ಪೆಂಬ ಸದ್ದು ನನಗೆ ಒಳಗೇ ಕೇಳಿಸಿತು. ಹೋಗಿ ನೋಡಿದರೆ ಗಾಜು ವಿಭೂತಿಯ ಗೆರೆಗುಂಟ ಸೀಳಿತ್ತು. ಅವ್ವನ ಕೈಯಲ್ಲಿ ಕುಂಕುಮದ ಬಟ್ಟಲು ಹಾಗೇ ಇತ್ತು.

ಮನೆಯಲ್ಲಿದ್ದ ನಲವತ್ತರ ಬಲ್ಬು ಹಾಕಿದೆ. ಬಿಸಿನೀರಿನ ಬಾಟಲಿಗಳನ್ನು ಬಟ್ಟೆ ಸುತ್ತಿ ಇಟ್ಟೆ. ಥರ್ಮಾಮೀಟರು ಇಳಿಯುತ್ತಲೇ ಹೋಯಿತು. ಆಮೆ ಕತ್ತು ಮೇಲೆತ್ತಿ, ಬಾಯಿ ತೆರೆದು ಉಸಿರೆಳೆಯಲಾರಂಭಿಸಿತು.

"ಗಾಡಿ ತೆಗಿ. ಪೂಜೆ ಮಾಡಿದ್ರೇನಂತೆ, ತೆಗಿ" ಎಂದಳು ಅವ್ವ. ಚಕ್ರದಡಿಯ ನಿಂಬೆಹಣ್ಣನ್ನು ತುಳಿದೇ ಹೊರಟೆ.

ಶಿವರಾಂಪೇಟೆಯ ಎಲೆಕ್ಟ್ರಿಕ್ ಅಂಗಡಿಗೆ ಬಾಳೆಕಂದು ಕಟ್ಟಿದ್ದರು. ಹೊಸ ಸರಕು ಬಂದಿತ್ತು. ಮೇಲಿನ ಹಲಗೆಯಲ್ಲಿ ಅದೇ ಕೆಂಪು ಬಲ್ಬು ಹೂವಿನ ನಡುವೆ ಕಾಣುತ್ತಿತ್ತು.

"ಪೂಜೆ ಆಗೋಯ್ತು ಕಣಮ್ಮ. ಇಟ್ಟಿದ್ದನ್ನ ಇವತ್ತು ತೆಗೆಯೋ ಹಂಗಿಲ್ಲ. ನಾಳೆ ಬೆಳಿಗ್ಗೆ ಬನ್ನಿ" ಎಂದರು ಅಂಗಡಿಯವರು.

"ನಾಳೆವರೆಗೆ ಉಳಿಯಲ್ಲ ಸ್ವಾಮಿ, ಜೀವ ಹೋಗುತ್ತೆ."

"ಅಯ್ಯೋ, ಯಾರು? ಮನೇಲಿ ಪೇಷೆಂಟಾ?"

"ಆಮೆ."

ಅವರು ಮನಸಾರೆ ನಕ್ಕರು. "ಆಮೆ ಅಂದ್ರೆ ನೂರಿನ್ನೂರು ವರ್ಷ ಬದುಕೋದಲ್ವಾ! ಒಂದಿನಕ್ಕೆ ಅದಕ್ಕೇನಾಗುತ್ತೆ? ತಗೊಳ್ಳಿ, ಪ್ರಸಾದ." ನನ್ನ ಕೈಗೆ ಪುರಿ-ಕಡಲೆಯ ಪೊಟ್ಟಣ ಬಂತು. ಕಣ್ಣೆದುರಿನ ಮದ್ದನ್ನು ಕೊಡದ ಈ ಮಡಿಯೂ ಅನ್ಯಾಯವೇ ಎಂದು ಗಟ್ಟಿಯಾಗಿ ಹೇಳಿದೆ. "ಹಬ್ಬದ ದಿನ ಯಾಕಮ್ಮ ಜಗಳ" ಎಂದರು. ಇನ್ನೆರಡು ಅಂಗಡಿಗಳು ಆಗಲೇ ಬಾಗಿಲೆಳೆದಿದ್ದವು.

ಉಳಿದದ್ದು ಹಿನಕಲ್ ದಾಟಿ ಹೂಟಗಳ್ಳಿಯ ಕಡೆಗಿದ್ದ ಒಂದು ಕೋಳಿ ಫಾರಂ. ಅದರ ಯಜಮಾನರು ನನ್ನನ್ನು ಕಂಡೊಡನೆ ಗುರುತಿಸಿದರು.

"ಓಹೋ! ಕೋಳಿ ಜೈಲು ಅಂತ ಚೀಟಿ ಹಂಚಿದ್ರಲ್ಲ, ಅವ್ರೇ ಅಲ್ವಾ ನೀವು?"

"ಹೌದು. ಈಗ್ಲೂ ಹಾಗೇ ಅನ್ನೋದು. ಆದ್ರೆ ಇವತ್ತು ಸಾಯ್ತಿರೋ ಆಮೆಗೊಂದು ಬಲ್ಬು ಬೇಕು."

"ಅಲ್ಲ ಕಣ್ರೀ, ಬಯ್ಯೋದೂ ಬುಡಲ್ಲ, ಕೇಳೋದೂ ಬುಡಲ್ಲ! ಮರಿ ಈಗ ತಾನೆ ಇಳ್ಸಿದೀನಿ. ಒಂದ್ ಲೈಟ್ ತೆಗುದ್ರೆ ಆ ಮೂಲೇವು ಒಂದರ್ ಮ್ಯಾಲೊಂದು ಬಿದ್ದು ಸಾಯ್ತವೆ. ನಿಮ್ ಆಮೆಗೋಸ್ಕರ ನನ್ ಮರಿ ಸಾಯ್ಸ್ಲಾ?"

ಮಳೆಯಲ್ಲಿ ನೆನೆಯುತ್ತ ಬಾಗಿಲಲ್ಲೇ ನಿಂತೆ. ಅವರು ಗೊಣಗಿಕೊಂಡು ಒಳಗೆ ಹೋಗಿ, ಬುಡ ಕಪ್ಪಿಟ್ಟ ಹಳೆಯ ಬಲ್ಬೊಂದನ್ನು ತಂದರು. "ಕೆಲ್ಸಕ್ಕೆ ಬರಲ್ಲ ಅಂತ ತೆಗುದಿಟ್ಟಿದ್ದು. ಉರುದ್ರೆ ನಿಮ್ ಪುಣ್ಯ."

ಬಲ್ಬನ್ನು ದುಪಟ್ಟಾದಲ್ಲಿ ಸುತ್ತಿ ಎದೆಗೆ ಕಟ್ಟಿಕೊಂಡು ಬಂದೆ. ದೀಪ ಹೊತ್ತುವ ಹೊತ್ತಾಗಿತ್ತು. ದೂರದಲ್ಲಿ ಅರಮನೆಯ ಕಡೆಯ ಆಕಾಶ ಹಳದಿಯಾಯಿತು. ವೃತ್ತಗಳು, ಮರಗಳು, ಕಚೇರಿಗಳು ಎಲ್ಲ ಉರಿಯತೊಡಗಿದವು. ನೋಡಲಿಕ್ಕಾಗಿಯೇ ಲಕ್ಷಾಂತರ ಬಲ್ಬುಗಳನ್ನು ಹೊತ್ತಿಸುವ ಊರಿನಲ್ಲಿ, ಒಂದು ಜೀವವನ್ನು ಬೆಚ್ಚಗಿಡಲು ಮೂಲೆಗೆ ಹಾಕಿದ ಬಲ್ಬೊಂದನ್ನು ಬೇಡಿ ತರಬೇಕಾಯಿತು. ಅಷ್ಟು ಬೆಳಕಿನ ನಡುವೆ ಗಾಡಿ ಓಡಿಸುತ್ತ ನಾನು ಅತ್ತೆ.

ಅವ್ವ ಗೋಡೆಗೊರಗಿ ಕುಳಿತು ಆಮೆಯನ್ನು ಸೆರಗಿನೊಳಗೆ, ಕೊರಳ ಲಿಂಗದ ಪಕ್ಕಕ್ಕೇ ಒತ್ತಿ ಹಿಡಿದಿದ್ದಳು. "ಇನ್ನೂ ಉಸಿರೈತೆ ಕಣೇ, ಬೇಗ ಹಾಕು."

ಬಲ್ಬು ಉರಿಯಿತು. ಊರಿನ ದೀಪಗಳಿಗೆ ಹೋಗಿ ಮಿಕ್ಕ ವೋಲ್ಟೇಜಿನಲ್ಲಿ ಮಂಕಾಗಿ ಉರಿದರೂ ಆರಲಿಲ್ಲ. ಥರ್ಮಾಮೀಟರು ನಿಧಾನವಾಗಿ ಏರಿತು. ಆಮೆ ಮುಂಗಾಲುಗಳನ್ನು ಚಾಚಿ ಬಿಸಿಯ ಕಡೆಗೆ ಕತ್ತು ನೀಡಿತು. ಮರುದಿನ ಬೆಳಿಗ್ಗೆ ವೈದ್ಯರು ಬಂದಾಗಲೂ ಆ ಕತ್ತು ಹಾಗೇ ಇತ್ತು. ಬೆರಳು ಮುಟ್ಟಿಸಿದರೂ ಒಳಗೆ ಹೋಗಲಿಲ್ಲ. ವೈದ್ಯರು ಸಿರಿಂಜನ್ನು ಮರಳಿ ಚೀಲಕ್ಕೆ ಹಾಕಿದರು.

"ನಾನೇ ಕೊಂದ್ಬುಟ್ನೇನೇ?" ಎಂದಳು ಅವ್ವ.

ನನಗೆ ಸುಳ್ಳು ಹೇಳಲಾಗಲಿಲ್ಲ. ಕಾಡಿನಿಂದ ಕದ್ದವರು, ಮಾರಿದವರು, ನೀರಿನಲ್ಲಿಟ್ಟವರು, ಹಲಗೆಯ ಮೇಲಿನ ಬಲ್ಬನ್ನು ಕೊಡದವರು ಎಲ್ಲರನ್ನೂ ಹೆಸರಿಸಿ, "ನೀನು ಒದ್ದೆ ವಿಭೂತಿ ಹಚ್ಚಿದ್ದೂ ತಪ್ಪೇ ಅವ್ವ" ಎಂದೆ. ಅವಳು ಹೌದೆಂದು ತಲೆಯಾಡಿಸಿದಳು. ಹಿತ್ತಲಿನ ದಾಸವಾಳದ ಬುಡದಲ್ಲಿ ಗುಂಡಿ ತೋಡಲು ನನಗಿಂತ ಮೊದಲು ಗುದ್ದಲಿ ತೆಗೆದುಕೊಂಡವಳೂ ಅವಳೇ. ಆ ಗುದ್ದಲಿಯ ಮೇಲೆ ಹಿಂದಿನ ದಿನದ ವಿಭೂತಿ ಇನ್ನೂ ಅಳಿಸಿಹೋಗಿರಲಿಲ್ಲ.

ಕೆಲಸಕ್ಕೆ ಬಾರದೆಂದು ತೆಗೆದಿಟ್ಟಿದ್ದ ಆ ಬಲ್ಬು ಮುಂದೆ ಬಹಳ ಕಾಲ ಬಾಳಿತು. ಮರುವರ್ಷದ ಆಯುಧಪೂಜೆಗೆ ಅದರಡಿಯಲ್ಲಿ ಇನ್ನೊಂದು ಬೋಗುಣಿಯಿಂದ ಬಂದ ಇನ್ನೊಂದು ಆಮೆ ಮಲಗಿತ್ತು. ಅವ್ವ ಬಟ್ಟಲು ಹಿಡಿದು ಪೆಟ್ಟಿಗೆಯ ಕಡೆ ಬಂದು ವಿಭೂತಿಗೆ ಬೆರಳದ್ದಿದಳು. ಆಮೇಲೆ ವಿಭೂತಿಯ ಬೆರಳನ್ನು ಸೀರೆಗೆ ಒರೆಸಿಕೊಂಡು, ದೂರದಿಂದಲೇ ಕೈಮುಗಿದು ಹೋದಳು.