ಯುಗಾದಿಗೆ ಮಿಂದ ಜರ್ಮನ್ ಹೆಗ್ಗಣ

ಬೇತಮಂಗಲದ ಬಸ್ಸಿನ ನೆತ್ತಿಯ ಮೇಲೆ ಕುರಿ, ಹುಲ್ಲಿನ ಹೊರೆ, ಮದುವೆಯ ಮಂಚ ಎಲ್ಲವೂ ಒಟ್ಟಿಗೆ ಪ್ರಯಾಣ ಮಾಡುತ್ತಿದ್ದ ಕಾಲ ಅದು. ಒಂದು ಸಂಜೆ ಆ ನೆತ್ತಿಯ ಮೇಲಿಂದ ನಮ್ಮಪ್ಪ ಒಂದು ಯಂತ್ರವನ್ನು ಹಗ್ಗ ಕಟ್ಟಿ ಇಳಿಸಿದ. ಉದ್ದನೆಯ ಎರಡು ಹಿಡಿ, ನಡುವೆ ಮಡಕೆ ಗಾತ್ರದ ಎಂಜಿನ್ನು, ಕೆಳಗೆ ಸುತ್ತಲೂ ಬಾಗಿದ ಉಗುರುಗಳು.

"ಏನಣ್ಣಾ, ಇದ್ಕೆ ಆಪ್ ಟಿಕೀಟಾ, ಫುಲ್ ಟಿಕೀಟಾ?" ಎಂದು ಕಂಡಕ್ಟರು ನಕ್ಕ.

ಅಪ್ಪ ನಂದಿದುರ್ಗ ಎಂಬ ಚಿನ್ನದ ಗಣಿಯ ಒಬ್ಬ ಬಿಳಿ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದ. ಗಣಿಗಳು ಸರ್ಕಾರದ ಕೈಗೆ ಬಂದಾಗ ಆ ದೊರೆ ತನ್ನ ದೇಶಕ್ಕೆ ಹೊರಟ. ಎರಡನೇ ಮಹಾಯುದ್ಧಕ್ಕೂ ಮುಂಚೆ ಜರ್ಮನಿಯಿಂದ ತರಿಸಿದ್ದ, ತೋಟ ಅಗೆಯುವ ಈ ಯಂತ್ರವನ್ನು ಅಪ್ಪನಿಗೇ ಬಿಟ್ಟು ಹೋದ. ಇದರ ಸಿಟ್ಟು ಸೆಡವು ನಿನ್ನಷ್ಟು ಬಲ್ಲವರಿಲ್ಲ ಅಂದನಂತೆ.

ಅಜ್ಜಿ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಒಂದೊಂದು ಉಗುರಿನ ಬುಡದಲ್ಲೂ ಒಂದು ಸ್ಪ್ರಿಂಗು. ಒತ್ತಿದರೆ ಉಗುರು ಹಿಂದಕ್ಕೆ ಸರಿದು ಮತ್ತೆ ಚಾಚಿಕೊಳ್ಳುತ್ತಿತ್ತು.

"ಇದು ಎತ್ತಲ್ಲ ಕಣ್ಲಾ, ಎಗ್ಗಣ."

"ಎಗ್ಗಣಾನೋ ಎತ್ತೋ, ಈ ಯುಗಾದಿಗೆ ಇದ್ರಲ್ಲೇ ಒನ್ನಾರು ಕಟ್ತೀನಿ ಕಣಮ್ಮ."

ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊನ್ನಾರು ಎಂದರೆ ವರ್ಷದ ಮೊದಲ ಉಳುಮೆ. ಯುಗಾದಿಯ ಬೆಳಗ್ಗೆ ಊರಿನ ಎತ್ತುಗಳೆಲ್ಲ ಮೈ ತೊಳೆಸಿಕೊಂಡು, ಕೊಂಬಿಗೆ ಬಣ್ಣ ಬಳಿಸಿಕೊಂಡು ಹೊಲಕ್ಕೆ ನಡೆಯುತ್ತಿದ್ದವು. ಮೂರು ಸಾಲು ಉತ್ತು ಬಂದವರ ಬಾಗಿಲಿಗೆ ಹೆಂಗಸರು ಆರತಿ ತರುತ್ತಿದ್ದರು. ನಮ್ಮ ಜೋಡಿ ಎತ್ತು ಕಾಲುಬಾಯಿ ಜ್ವರದಲ್ಲಿ ಸತ್ತ ಮೇಲೆ ಮೂರು ಯುಗಾದಿ ಆ ತಟ್ಟೆಗಳು ನಮ್ಮ ಬಾಗಿಲು ದಾಟಿ ಹೋಗಿದ್ದವು. ಆ ಹೊತ್ತಿಗೆ ಸರಿಯಾಗಿ ಅಜ್ಜಿಗೆ ಹಿತ್ತಲಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು.

ಊರ ಹಿರಿಯ ಮುನಿಶಾಮಪ್ಪ ಸುದ್ದಿ ಕೇಳಿ ಬಂದ. "ಏಮಪ್ಪಾ, ಸಗಣಿ ಆಕದ್ದು ಒನ್ನಾರು ಉಳ್ತದಾ?"

"ಒಂದ್ಸಲ ನೋಡು ಮಾವ" ಎಂದು ಅಪ್ಪ ಕೈ ಮುಗಿದ.

"ಸರಿ. ಬಿಸ್ಲು ನೆತ್ತಿಗೆ ಬರೋದ್ರೊಳಗೆ ಮೂರು ಸಾಲು. ಆಗ್ಲಿಲ್ಲ ಅಂದ್ರೆ ಇನ್ ಯಾವತ್ತೂ ಕೇಳ್ಬೇಡ."

ಹಬ್ಬದ ಬೆಳಗ್ಗೆ ಮನೆಯೊಳಗೆ ಹೂರಣದ ವಾಸನೆ, ಜಗುಲಿಯಲ್ಲಿ ಪೆಟ್ರೋಲಿನ ವಾಸನೆ. ಅಪ್ಪ ಮೈಗೆ ಎಣ್ಣೆ ಹಚ್ಚಿಕೊಂಡು ಕೆರೆಗೆ ಹೋಗಿದ್ದ. ಅಜ್ಜಿ ನನ್ನ ಕೈಗೆ ತೆಂಗಿನ ನಾರು ಕೊಟ್ಟಳು. ಇಬ್ಬರೂ ಸೀಗೆಪುಡಿ ಹಾಕಿ ಯಂತ್ರದ ಮೈಯೆಲ್ಲ ಉಜ್ಜಿದೆವು. ಬಿಂದಿಗೆಗಟ್ಟಲೆ ನೀರು ಸುರಿದೆವು. ಎಂಜಿನ್ನಿನ ಸಂದುಗಳಿಗೆ ಬೆರಳು ಹಾಕಿ ಅಜ್ಜಿ ತೊಳೆದಳು.

"ಮೈ ತೊಳೀದೆ ಯಾವ ಜೀವಾನ ಒನ್ನಾರಿಗೆ ಕಟ್ತಾರಮ್ಮಿ?"

ನನಗೂ ಅದು ಸರಿ ಎನಿಸಿತು. ಅರಿಶಿನ ಬಳಿದು, ಕುಂಕುಮ ಇಟ್ಟು, ಹಿಡಿಗಳಿಗೆ ಬೇವಿನ ಸೊಪ್ಪು ಕಟ್ಟಿದೆವು. ಅಪ್ಪ ಬರುವಷ್ಟರಲ್ಲಿ ಅದು ಮದುವಣಗಿತ್ತಿಯಂತೆ ನಿಂತಿತ್ತು.

ಹೊಲದ ಬದುವಿನ ಮೇಲೆ ಊರೆಲ್ಲ ಸೇರಿತ್ತು. ಅಪ್ಪ ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ ಎಳೆದ. ಯಂತ್ರ ಕೆಮ್ಮಲೂ ಇಲ್ಲ. ಮತ್ತೆ ಸುತ್ತಿದ, ಮತ್ತೆ ಎಳೆದ. "ಒಬ್ಬಟ್ಟು ತಿನ್ಸಣ್ಣೋ, ಅಸ್ದೈತೆ!" ಎಂದು ಯಾರೋ ಕೂಗಿದರು. ಅಕ್ಕಪಕ್ಕದ ಹೊಲಗಳಲ್ಲಿ ಹೊನ್ನಾರು ಮುಗಿಯುತ್ತ ಬಂದಿತ್ತು. ಅಪ್ಪನ ಅಂಗೈ ಸುಲಿಯಿತು. ನೆರಳುಗಳು ಗಿಡ್ಡವಾಗುತ್ತಿದ್ದವು.

ಕೊನೆಗೆ ಅಪ್ಪ ಕೂತು, ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗನ್ನು ಬಿಚ್ಚಿ ಮೂಸಿ ನೋಡಿದ. ಸೀಗೆಪುಡಿಯ ವಾಸನೆ.

"ಯಾರಮ್ಮಿ ಇದ್ಕೆ ನೀರು ಉಯ್ದಿದ್ದು?"

ನಾನು ನೆಲ ನೋಡಿದೆ. "ನಾನೇ ಕಣ್ಲಾ" ಅಂದಳು ಅಜ್ಜಿ. "ನಿನ್ ಎಗ್ಗಣಾನ ನಾನೇ ಕೊಂದ್ಬಿಟ್ಟೆ."

ಅಪ್ಪ ಬಯ್ಯುತ್ತಾನೆ ಅಂದುಕೊಂಡೆ. ಅವನು ಅಜ್ಜಿಯ ಮುಖವನ್ನೇ ಒಂದು ಗಳಿಗೆ ನೋಡಿದ. "ಸತ್ತಿಲ್ಲ ಕಣಮ್ಮ. ಕಿವಿಗೆ ನೀರು ಓಗೈತೆ, ಅಷ್ಟೇಯ. ಲೇ ರತ್ನಿ, ಓಡು, ಒಬ್ಬಟ್ಟಿನ ಒಲೆಯಿಂದ ಕೆಂಡ ತಗೊಂಡ್ಬಾ."

ಹೆಂಚಿನ ಚೂರಿನ ಮೇಲೆ ಕೆಂಡ ಇಟ್ಟುಕೊಂಡು ಓಡಿ ಬಂದೆ. ಪೆಟ್ರೋಲಿಗೆ ದೂರ ಕೂತು ಅಪ್ಪ ಪ್ಲಗ್ಗನ್ನು ಕಾಯಿಸಿದ. ಸಂದುಗಳನ್ನು ಒರೆಸಲು ಒಣಬಟ್ಟೆ ಬೇಕೆಂದ. ಅಜ್ಜಿ ಮೂರು ವರ್ಷದ ಮೇಲೆ ಕಂಡ ಹೊಸ ಸೀರೆಯ ಸೆರಗನ್ನೇ ಚಾಚಿದಳು. ಅದು ಕಪ್ಪಾಗುವುದನ್ನು ನೋಡುತ್ತ ನಿಂತಳು.

ಆಮೇಲೆ ಎಳೆದ ಮೊದಲ ಎಳೆತಕ್ಕೆ ಯಂತ್ರ ಗುಡುಗಿತು. ಮುನಿಶಾಮಪ್ಪನ ಎತ್ತುಗಳು ಬೆದರಿ, ಹಗ್ಗ ಕಿತ್ತುಕೊಂಡು ಕೆರೆ ಕಡೆ ಓಡಿದವು. ಅವುಗಳ ಹಿಂದೆ ಪಂಚೆ ಎತ್ತಿಕೊಂಡು ಅವನೂ ಓಡಿದ. ಉಗುರುಗಳು ಮಣ್ಣು ಕೆದಕಿ ಹಿಂದಕ್ಕೆ ತೂರುತ್ತಿದ್ದವು. ಕಲ್ಲು ಸಿಕ್ಕಿದರೆ ಸ್ಪ್ರಿಂಗು ಮಡಚಿ ದಾಟಿಕೊಳ್ಳುತ್ತಿದ್ದವು. ಆ ಮೆತ್ತನೆಯ ಮಣ್ಣಿನಲ್ಲಿ ಅಜ್ಜಿ ಬರಿಗಾಲಲ್ಲಿ ಹಿಂದೆ ಹಿಂದೆಯೇ ನಡೆದಳು.

ಮುನಿಶಾಮಪ್ಪ ಏದುಸಿರು ಬಿಡುತ್ತ ಮರಳಿದ. "ಮೂರಾಯ್ತಾ?"

"ನಾಕಾಯ್ತು ಮಾವ."

ಅವನು ತಲೆಯೆತ್ತಿ ಸೂರ್ಯನನ್ನು ನೋಡಿದ. "ಇನ್ನೇನು ಬಿಡು. ಸಗಣಿ ಒಂದು ಬಾಕಿ."

ಆ ಮಧ್ಯಾಹ್ನ ಆರತಿ ತಟ್ಟೆಗಳು ನಮ್ಮ ಬಾಗಿಲಲ್ಲಿ ನಿಂತವು. ಅಜ್ಜಿ ಮಸಿ ಮೆತ್ತಿದ ಸೆರಗನ್ನು ಬದಲಿಸದೆ, ಬೇಕೆಂದೇ ಮುಂದೆ ಹೊದ್ದುಕೊಂಡು ನಿಂತಿದ್ದಳು. ಅಲ್ಲಿಂದ ಮುಂದೆ ಪ್ರತಿ ಯುಗಾದಿಗೂ ಅವಳು ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸುವಾಗ, ಎಳೆಗೂಸಿನ ಕಿವಿ ಮುಚ್ಚಿ ನೀರು ಹಾಕುವವರಂತೆ ಇನ್ನೊಂದು ಅಂಗೈಯಿಂದ ಆ ಪ್ಲಗ್ಗನ್ನು ಮುಚ್ಚಿಕೊಳ್ಳುತ್ತಿದ್ದಳು.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಬಂಗಾರಪೇಟೆಯಲ್ಲಿ ರೈಲು ಹಿಡಿದು, ಬುತ್ತಿಯ ಮುದ್ದೆ ತಿಂದು ಓದಿದವಳು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಒಂದು ದಿನ ಕಾಲೇಜಿನ ಗ್ರಂಥಾಲಯದಲ್ಲಿ ನಮ್ಮ ಯಂತ್ರದ ಅಣ್ಣತಮ್ಮಂದಿರ ಚಿತ್ರ ಸಿಕ್ಕಿತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲೇ ಜರ್ಮನಿಯಲ್ಲಿ ಅವು ಶುರುವಾಗಿದ್ದವಂತೆ. ನೇಗಿಲಿನಂತೆ ನೆಲ ಸೀಳುವ ಬದಲು, ಬಿಲ ತೋಡುವ ಪ್ರಾಣಿಯಂತೆ ಕೆದಕಬೇಕು ಎಂಬುದೇ ಅವುಗಳ ಹಿಂದಿನ ಯೋಚನೆಯಂತೆ. ಬರೆದುಕೊಂಡು ಬಂದು ಅಜ್ಜಿಗೆ ಓದಿ ಹೇಳಿದೆ.

"ಇದ್ನ ತಿಳ್ಕೊಳ್ಳಾಕೆ ರೈಲತ್ತಿ ಓಗ್ಬೇಕಾಯ್ತಾ?" ಅಂದಳು. "ಬಸ್ಸಿಂದ ಇಳಿದ ದಿನಾನೇ ಯೋಳಿರ್ನಿಲ್ವಾ, ಎಗ್ಗಣ ಅಂತ."

ಸ್ಪ್ರಿಂಗುಗಳು ಒಂದೊಂದಾಗಿ ಮುರಿದವು. ನಮ್ಮ ಕಮ್ಮಾರ ಬಡಿದು ಕೊಟ್ಟ ಉಗುರುಗಳು ಕಲ್ಲು ಸಿಕ್ಕಾಗ ಹಿಂದಕ್ಕೆ ಸರಿಯಲಿಲ್ಲ. ಯಂತ್ರ ನಿಂತಿತು, ಅಜ್ಜಿ ಹೋದಳು, ಅಪ್ಪನೂ ಹೋದ. ಈಗ ಯುಗಾದಿಗೆ ಬಾಡಿಗೆ ಟ್ರ್ಯಾಕ್ಟರ್ ಬರುತ್ತದೆ. ಡ್ರೈವರಿಗೆ ಇನ್ನೊಂದು ಹೊಲದ ಆತುರ, ಎಂಜಿನ್ನು ನಿಲ್ಲಿಸುವುದೂ ಇಲ್ಲ. ನಾನು ಒದ್ದೆ ಬಟ್ಟೆ, ಕುಂಕುಮದ ಬಟ್ಟಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತೇನೆ. ಇಷ್ಟು ಓದಿದ್ದೇನೆ, ಅದರ ಕಿವಿ ಎಲ್ಲಿದೆಯೋ ನನಗೆ ಗೊತ್ತಿಲ್ಲ.