ಚೆಟ್ಟಳ್ಳಿಗೆ ಹೋದ ಗೊಣಗುವ ಗಾಡಿ

ಬೆಳಿಗ್ಗೆ ಆರೂವರೆಗೆ ಕರಿಕೆಯಿಂದ ಚೆಟ್ಟಳ್ಳಿಯ ಮೆಕ್ಯಾನಿಕ್ ಹತ್ತಿರ ಹೊರಟೆವು. ಮುಂದೆ ನಾನು ಮತ್ತು ನನ್ನ ಹೆಂಡತಿ ಲೀಲಾ, ಹಿಂದೆ ಒಂದು ಸ್ಟೆಪ್ನಿ, ಒಂದು ಹಗ್ಗ, ಅಕ್ಕಿರೊಟ್ಟಿಯ ಬುತ್ತಿ. ಯಾವಾಗಲೂ ಇರುವ ಲೀಲಾಳ ನರ್ಸರಿಯ ಕಾಳುಮೆಣಸಿನ ಗಿಡಗಳು ಈ ಸಲ ಇರಲಿಲ್ಲ. ಈ ಗಾಡಿಯಲ್ಲಿ ಗಿಡ ಹೇರಲು ಅವಳು ಒಪ್ಪದೆ ವಾರ ಕಳೆದಿತ್ತು.

ಕಾರಣ ಇಷ್ಟೇ. ನಮ್ಮ ಪಿಕಪ್ ಎರಡು ತಿಂಗಳಿನಿಂದ ಪ್ರತಿ ತಿರುವಿನಲ್ಲೂ ಗೊಣಗುತ್ತಿತ್ತು. ನೇರ ರಸ್ತೆಯಲ್ಲಿ ತೆಪ್ಪಗಿರುತ್ತಿತ್ತು. ಸ್ಟೀರಿಂಗ್ ತಿರುಗಿಸಿದ್ದೇ ತಡ, ಹಿಂದಿನ ಚಕ್ರಗಳ ನಡುವಿನಿಂದ ಗರ್‍ರ್, ಟಕಟಕಟಕ ಎಂದು ಶುರು. ಕರಿಕೆಯಿಂದ ಭಾಗಮಂಡಲಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಅದರಲ್ಲಿ ನೇರ ರಸ್ತೆ ಎಷ್ಟಿದೆ ಎಂಬುದು ಆ ಘಾಟಿ ಹತ್ತಿ ಇಳಿದವರಿಗೆ ಗೊತ್ತು.

ಸದ್ದು ಬರುತ್ತಿದ್ದದ್ದು ಡಿಫರೆನ್ಷಿಯಲ್ ಎಂಬ ಗುಂಡನೆಯ ಪೆಟ್ಟಿಗೆಯಿಂದ. ತಿರುವಿನಲ್ಲಿ ಹೊರಗಿನ ಚಕ್ರವನ್ನು ಹೆಚ್ಚು, ಒಳಗಿನದನ್ನು ಕಡಿಮೆ ತಿರುಗಲು ಬಿಡುವುದು ಅದರ ಕೆಲಸ. ನಮ್ಮದು ಲಿಮಿಟೆಡ್ ಸ್ಲಿಪ್ ಜಾತಿಯದು. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ತಿರುಗತೊಡಗಿದರೆ ಒಳಗಿರುವ ಪ್ಲೇಟುಗಳು ಬಿಗಿ ಹಿಡಿದು ಇನ್ನೊಂದು ಚಕ್ರಕ್ಕೂ ಬಲ ಕೊಡುತ್ತವೆ. ಜುಲೈ ತಿಂಗಳಲ್ಲಿ ನಮ್ಮ ಓಣಿಯ ಕೆಸರಿನಿಂದ ಬೇರೆಯವರ ಗಾಡಿ ಎತ್ತಲು ಊರವರೆಲ್ಲ ಸೇರಬೇಕು. ನಾನು ಮಾತ್ರ ಸಿಳ್ಳೆ ಹಾಕಿಕೊಂಡು ಹತ್ತಿಸಿಕೊಂಡು ಹೋಗುತ್ತೇನೆ. ಆ ಗಾಡಿಯ ಮೇಲೆ ನನಗೆ ವಿಪರೀತ ಪ್ರೀತಿ, ಸ್ವಲ್ಪ ಜಂಭವೂ ಉಂಟು.

ಲೀಲಾಳಿಗೆ ಭಯ. ತಿರುವಿನಲ್ಲಿ ಏನಾದರೂ ಮುರಿದು ಕೆಳಗೆ ಹೋದರೆ ಎಂಬ ಯೋಚನೆ. ಹಿಂದಿನ ರಾತ್ರಿ ಊಟದ ಹೊತ್ತಿಗೆ ತೀರ್ಪು ಕೊಟ್ಟಿದ್ದಳು. "ನಾಳೆ ಸದ್ದು ನಿಲ್ಲದಿದ್ರೆ ಗಾಡಿ ರಮೇಶಣ್ಣಂಗೆ ಕೊಡೋದು. ನಾವು ಬಸ್ಸಲ್ಲಿ ವಾಪಸ್ ಬರೋದು." ರಮೇಶ ನೆಲ್ಯಹುದಿಕೇರಿಯಲ್ಲಿ ಬಾಳೆ ಬೆಳೆಯುವವನು. ಬಹಳ ದಿನದಿಂದ ಈ ಗಾಡಿಯ ಮೇಲೆ ಅವನಿಗೆ ಕಣ್ಣು. ತನ್ನ ಕಡೆ ಅಷ್ಟು ತಿರುವುಗಳಿಲ್ಲ, ಸದ್ದಿದ್ದರೂ ನಡೆಯುತ್ತದೆ ಎಂದು ಫೋನಿನಲ್ಲಿ ಹೇಳಿದ್ದ. ಮೂರು ಗಂಟೆಗೆ ಚೆಟ್ಟಳ್ಳಿಗೆ ಬರುವವನಿದ್ದ.

ಘಾಟಿಯಲ್ಲಿ ಲೀಲಾ ಬಾಗಿಲಿನ ಮೇಲಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಹಿಡಿಕೆ ಕಿತ್ತು ಬರುವಂತೆ ಅಲ್ಲಾಡುತ್ತಿತ್ತು. ಈಗಿನ ಗಾಡಿಗಳಿಗೆ ಎಂಥ ಕಳಪೆ ಪ್ಲಾಸ್ಟಿಕ್ ಹಾಕುತ್ತಾರೆ ಎಂದು ನಾನು ಅಂದೆ. ಅವಳು ಹಿಡಿತ ಇನ್ನಷ್ಟು ಬಿಗಿ ಮಾಡಿದಳು.

ಎಂಟು ಗಂಟೆಗೆ ಭಾಗಮಂಡಲ. ಒಂದು ಸಣ್ಣ ಹೋಟೆಲಿನ ಮುಂದೆ ಗಾಡಿ ತಿರುಗಿಸಿ ನಿಲ್ಲಿಸುವಷ್ಟರಲ್ಲಿ ಮಾಲೀಕರು ಹೊರಗೆ ಬಂದರು.

"ಎಂತ ಮಾರಾಯ್ರೆ, ಹಿಂದೆ ಹಂದಿ ಕಟ್ಟಿ ಹಾಕಿದ್ದೀರಾ?"

ಲೀಲಾ ಅಗತ್ಯಕ್ಕಿಂತ ಹೆಚ್ಚೇ ನಕ್ಕಳು. ಹಬೆಯಲ್ಲಿ ಬೆಂದ ಅಕ್ಕಿಪುಟ್ಟು, ಕಡಲೆ ಸಾರು ಚೆನ್ನಾಗಿದ್ದವು, ಬಿಸಿಯಾಗಿದ್ದವು. ಹಂದಿಯ ಮಾತು ಮರೆಯಲು ನಾನು ಎರಡನೆಯ ಸಲ ಹಾಕಿಸಿಕೊಂಡೆ.

ಅಲ್ಲಿಂದ ಮಡಿಕೇರಿಗೆ ನಲವತ್ತು ಕಿಲೋಮೀಟರಿನಷ್ಟು. ಪೇಟೆಯ ಸರ್ಕಲ್ಲಿನಲ್ಲಿ ದಾರಿ ತಪ್ಪಿ ಎರಡು ಸುತ್ತು ಹಾಕಬೇಕಾಯಿತು. ಗಾಡಿ ಎರಡು ಸುತ್ತೂ ಹಾಡಿತು. ನಿಂತಿದ್ದ ಪೊಲೀಸಿನವನು ನಗು ತಡೆಯಲು ಮುಖ ಆಚೆ ತಿರುಗಿಸಿದ. ಚೆಟ್ಟಳ್ಳಿ ರಸ್ತೆಗೆ ಇಳಿದ ಮೇಲೆ ಮನಸ್ಸು ಹಗುರಾಯಿತು. ಮಾರ್ಚಿನ ಮೊದಲ ಮಳೆ ಬಿದ್ದು ವಾರವಾಗಿತ್ತು. ಎರಡೂ ಕಡೆ ಕಾಫಿ ಹೂ ಬಿಟ್ಟು ತೋಟವೆಲ್ಲ ಬೆಳ್ಳಗಿತ್ತು. ಲೀಲಾ ಗಾಜು ಇಳಿಸಿ, ಒಂದು ಕೈಯನ್ನು ಹಿಡಿಕೆಯಿಂದ ಬಿಟ್ಟಳು.

ಮೆಕ್ಯಾನಿಕ್ ಪೂವಯ್ಯನವರು ಮಿಲಿಟರಿಯಲ್ಲಿ ಲಾರಿ ರಿಪೇರಿ ಮಾಡಿ ನಿವೃತ್ತರಾದವರು. ಅವರ ಶೆಡ್ಡಿನ ಪಕ್ಕದಲ್ಲೇ ಒಂದು ಎಸ್ಟೇಟಿನ ಕಣ. ಕಾಫಿ ಒಣಗಿಸುವ ಕೆಲಸ ಮುಗಿದು ಸಿಮೆಂಟಿನ ನೆಲ ಖಾಲಿ ಬಿದ್ದಿತ್ತು. ಮಧ್ಯದಲ್ಲಿ ಎರಡು ಕಡೆ ಮಾತ್ರ ಕಾಳುಮೆಣಸು ಹರವಿದ್ದರು. ಪೂವಯ್ಯನವರು ಸ್ಪ್ಯಾನರ್ ಮುಟ್ಟಲಿಲ್ಲ. ಗಾಡಿಯ ಹಿಂಬದಿ ಹತ್ತಿ, ಗೋಣಿ ಹಾಸಿಕೊಂಡು, ತಳಕ್ಕೆ ಕಿವಿ ಕೊಟ್ಟು ಮಲಗಿದರು. "ಮೊದಲು ಕಣದಲ್ಲಿ ನೇರ ಹೋಗಿ. ಆಮೇಲೆ ನಿಧಾನಕ್ಕೆ ತಿರುಗ್ಸಿ."

ಎರಡು ಸುತ್ತಿಗೇ ಇಳಿದು ಬಂದರು.

"ಗೇರಿನ ಹಲ್ಲು ಹೋಗಿಲ್ಲ. ಹಲ್ಲು ಹೋಗಿದ್ರೆ ನೇರ ರಸ್ತೆಯಲ್ಲೂ ಕೂಗ್ತಿತ್ತು. ಪ್ಲೇಟು ಜಾರ್‍ತಾ ಇಲ್ಲ, ಹಿಡಿದು ಹಿಡಿದು ಬಿಡ್ತಾ ಉಂಟು. ಆಯಿಲ್ ಯಾವಾಗ ಬದಲಾಯಿಸಿದ್ದು ಗೌಡ್ರೆ?"

"ಜನವರಿಯಲ್ಲಿ."

"ಯಾರು ಮಾಡಿದ್ದು?"

"ನಾನೇ."

"ಯಾವ ಆಯಿಲ್?"

ನಾನು ಕಣದ ಮೆಣಸು ನೋಡಿದೆ. "ವನ್ ಫಾರ್ಟಿ," ಎಂದೆ.

ಅದು ಹಳೇ ಜೀಪಿಗೆ ಹಾಕುವ ದಪ್ಪ ಎಣ್ಣೆ. ನಮ್ಮಪ್ಪನ ಜೀಪು ಆಯುಷ್ಯ ಪೂರ್ತಿ ಅದನ್ನೇ ಕುಡಿದು ಬದುಕಿತ್ತು ಎಂದು ಪೂವಯ್ಯನವರಿಗೂ ಹೇಳಿದೆ. ಅಡಿಯಲ್ಲಿ ಏನೇ ಸದ್ದು ಬಂದರೂ ಅಪ್ಪ ಇನ್ನಷ್ಟು ದಪ್ಪದ್ದು ಸುರಿಯುತ್ತಿದ್ದರು. ಕೊಡಗಿನಲ್ಲಿ ಜೀಪು ನೋಡಿ ಬೆಳೆದವನು ನಾಲ್ಕು ಚಕ್ರದ ಯಾವ ಗಾಡಿಯನ್ನೂ ಜೀಪೆಂದೇ ತಿಳಿಯುತ್ತಾನೆ.

ಪೂವಯ್ಯನವರು ತೊಡೆ ತಟ್ಟಿಕೊಂಡು ನಕ್ಕರು. "ಕಾಫಿ ಪಿಕ್ಕಿಂಗ್ ಮುಗಿದ ಮೇಲೆ ಬಂದವರಲ್ಲಿ ನೀವು ನಾಲ್ಕನೆಯವರು! ಎಲ್ಲರ ಅಪ್ಪನದ್ದೂ ಒಂದೊಂದು ಜೀಪು! ಇಷ್ಟು ದಪ್ಪ ಎಣ್ಣೆಯಲ್ಲಿ ಪ್ಲೇಟು ಜಾರೋದು ಹೇಗೆ?"

ಲೀಲಾ ನಗಲಿಲ್ಲ. "ಜನವರಿಯಲ್ಲಿ ಗಾಡಿ ಸರ್ವಿಸ್ ಆಯ್ತು ಅಂತ ಹೇಳಿದ್ದು ಇದಕ್ಕಾ? ಸದ್ದು ಶುರುವಾಗಿದ್ದೂ ಜನವರಿಯಲ್ಲೇ ಅಲ್ವಾ?"

ನನಗೆ ನಿಜಕ್ಕೂ ನಾಚಿಕೆಯಾಯಿತು. ಎರಡು ತಿಂಗಳು ರಸ್ತೆಯನ್ನು, ಟೈರನ್ನು, ಗಾಡಿ ಮಾಡಿದವರನ್ನು ಬೈದಿದ್ದೆ. ಬೈಯಬೇಕಾದವನು ಸ್ಟೀರಿಂಗ್ ಹಿಡಿದು ಕೂತಿದ್ದ.

ಎಣ್ಣೆ ಇಳಿಸಿದರು. ಕಪ್ಪಗೆ, ಜೋನಿಬೆಲ್ಲದ ಹಾಗೆ ಇಳಿಯಿತು. ಅದರ ದುರ್ವಾಸನೆಗೆ ಕಾಫಿ ಹೂವಿನ ಪರಿಮಳ ಓಡಿಹೋಯಿತು. ಪೂವಯ್ಯನವರು ಬೆರಳಲ್ಲಿ ಉಜ್ಜಿ ನೋಡಿದರು. ಲೋಹದ ಚೂರಿರಲಿಲ್ಲ, ಬೂದು ಪುಡಿ ಸ್ವಲ್ಪ ಇತ್ತು. ಒಳಗೆ ತೊಳೆದು, ತೆಳುವಾದ ಬೇರೆ ಎಣ್ಣೆ ತುಂಬಿ, ಪ್ಲೇಟುಗಳು ನುಣ್ಣಗೆ ಜಾರಲೆಂದು ಸಣ್ಣ ಬಾಟಲಿಯ ಇನ್ನೊಂದು ಎಣ್ಣೆಯನ್ನೂ ಸೇರಿಸಿದರು. ನಾವು ರೊಟ್ಟಿ ತಿಂದು ಮುಗಿಸುವ ಹೊತ್ತಿಗೆ ರಮೇಶ ಬಸ್ಸಿಳಿದು ಬಂದ. ಬಿಳಿ ಶರ್ಟು, ಜೇಬು ಉಬ್ಬಿತ್ತು. ಚಕ್ರದಡಿ ಇಡಲು ನಾಲ್ಕು ನಿಂಬೆಹಣ್ಣು ತಂದಿದ್ದ. ಗಾಡಿಪೂಜೆ ಮಾಡಿ ಓಡಿಸಿಕೊಂಡೇ ಬರುವುದೆಂದು ಮನೆಯಲ್ಲಿ ಹೇಳಿ ಬಂದಿದ್ದನಂತೆ.

"ಹೊಸ ಎಣ್ಣೆ ಪ್ಲೇಟಿನ ಸಂದಿಗೆಲ್ಲ ಹೋಗ್ಬೇಕು," ಎಂದರು ಪೂವಯ್ಯನವರು. "ಕಣದಲ್ಲಿ ಇಂಗ್ಲಿಷಿನ ಎಂಟು ಬರೆದ ಹಾಗೆ ಓಡಿಸ್ಬೇಕು. ಮೆಣಸಿನ ಮೇಲೆ ಮಾತ್ರ ಹತ್ತಿಸ್ಬೇಡಿ. ಅಮ್ಮ ಓಡಿಸ್ಲಿ. ಗೌಡ್ರು ಹಿಂದೆ ಮಲಗಿ ಕೇಳ್ಲಿ."

ಲೀಲಾಳಿಗೆ ಲೈಸೆನ್ಸ್ ಆಗಿ ಮೂರು ವರ್ಷ. ನರ್ಸರಿಯಿಂದ ರಸ್ತೆಯವರೆಗೆ ಬಿಟ್ಟರೆ ನಾನು ಅವಳಿಗೆ ಕೀ ಕೊಟ್ಟವನಲ್ಲ. ಅವಳು ಸೆರಗು ಸಿಕ್ಕಿಸಿ ಹತ್ತಿದಳು. ನಾನು ಗೋಣಿಯ ಮೇಲೆ ಮಲಗಿದೆ. ಒಂದು ಮೆಣಸಿನ ಹರವನ್ನು ಬಲದಿಂದ, ಇನ್ನೊಂದನ್ನು ಎಡದಿಂದ ಸುತ್ತಿದಳು. ಟಕಟಕಟಕ. ಐದನೆಯ ಎಂಟು, ಟಕಟಕ. ಹತ್ತಕ್ಕೂ ಗೊಣಗಾಟ ನಿಂತಿರಲಿಲ್ಲ. ರಮೇಶ ಜೇಬಿನಿಂದ ನಿಂಬೆಹಣ್ಣು ತೆಗೆದು ಒರೆಸತೊಡಗಿದ್ದು ಕಂಡಿತು. ನಾನು ಕಣ್ಣು ಮುಚ್ಚಿ ಕೊಡಗಿನ ಮಳೆದೇವರು ಇಗ್ಗುತಪ್ಪನನ್ನು ನೆನೆದೆ. ಹದಿಮೂರೋ ಹದಿನಾಲ್ಕೋ ಇರಬೇಕು, ಒಂದು ತಿರುವಿನಲ್ಲಿ ಟಕ್ ಎಂದು ಒಂದೇ ಸಲ ಬಂತು. ಅದರ ಮುಂದಿನ ತಿರುವಿನಲ್ಲಿ ಟೈರಿನ ಸದ್ದು ಮಾತ್ರ ಕೇಳಿತು. ಆಮೇಲೂ ಅವಳು ನಿಲ್ಲಿಸಲಿಲ್ಲ. ಇನ್ನೂ ಆರು ಸಲ ಎಂಟು ಬರೆದಳು. ಒಂದು ಕಾಳು ಮೆಣಸೂ ಟೈರಿಗೆ ಸಿಗಲಿಲ್ಲ.

ರಮೇಶ ಓಡಿ ಬಂದ. "ಅಕ್ಕ, ಈಗಲೇ ತಗೊಂಡು ಹೋಗ್ತೇನೆ!"

ಲೀಲಾ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ನನ್ನ ಕಡೆ ತಿರುಗಿದಳು. ನಾನು ಗೋಣಿಯ ಮೇಲೆ ಎದ್ದು ಕೂತಿದ್ದೆ. "ಸದ್ದು ನಿಲ್ಲದಿದ್ರೆ ಕೊಡೋದು ಅಂತ ನಾನು ಹೇಳಿದ್ದು ರಮೇಶಣ್ಣ," ಎಂದಳು. "ನಿಂತಿತಲ್ಲ. ನಂಗೆ ನಾಳೆ ಗಿಡ ಸಾಗಿಸ್ಲಿಕ್ಕುಂಟು."

ಪಾಪ, ರಮೇಶ ಒಳ್ಳೆಯ ಮನುಷ್ಯ. ಒಂದು ನಿಮಿಷ ಬೇಜಾರು ಮಾಡಿಕೊಂಡು, ನಿಂಬೆಹಣ್ಣುಗಳನ್ನು ಪೂವಯ್ಯನವರ ಕೈಗೆ ಕೊಟ್ಟು, "ಹಾಗಾದ್ರೆ ಶರಬತ್ತಾದ್ರೂ ಮಾಡಿ," ಎಂದ. ಕುಡಿದು, ಅವನನ್ನು ಬಸ್ಸಿಗೆ ಬಿಟ್ಟು, ನಾಲ್ಕು ಗಂಟೆಗೆ ಹೊರಟೆವು. ಕೀ ಲೀಲಾಳ ಹತ್ತಿರವೇ ಇತ್ತು. ಕೇಳುವ ಧೈರ್ಯ ನನಗಿರಲಿಲ್ಲ.

ಭಾಗಮಂಡಲ ದಾಟಿ ಘಾಟಿ ಶುರುವಾಯಿತು. ಮೊದಲ ತಿರುವಿನಲ್ಲಿ ಟಪ್ ಎಂದು ಏನೋ ಸದ್ದಾಯಿತು. ಎರಡನೆಯದರಲ್ಲೂ ಟಪ್. ಮತ್ತೆ ಶುರುವಾಯಿತೆಂದು ನಾನು ಹಿಂದಕ್ಕೆ ಕಿವಿ ಕೊಟ್ಟೆ. ಮೂರನೆಯದರಲ್ಲಿ ಲೀಲಾ ಗಾಡಿ ನಿಲ್ಲಿಸಿ ನನ್ನ ಕಾಲ ಕಡೆ ನೋಡಿದಳು.

"ಸದ್ದು ಮಾಡೋದು ನೀವೇ. ಅಲ್ಲಿ ಬ್ರೇಕ್ ಇಲ್ಲ ಮಾರಾಯ್ರೆ."

ಎರಡೂ ಕಾಲನ್ನು ಮಡಚಿ ಸೀಟಿನ ಮೇಲೆ ಇಟ್ಟುಕೊಂಡೆ. ಮುಂದಿನ ತಿರುವಿನಲ್ಲಿ ಎದುರಿಗೆ ಒಂದು ಲಾರಿ ಬಂತು. ನನ್ನ ಕೈ ತಾನಾಗಿಯೇ ಮೇಲಿನ ಹಿಡಿಕೆಗೆ ಹೋಯಿತು. ಅದು ಅಲ್ಲಾಡುತ್ತಿತ್ತು. ಎರಡು ತಿಂಗಳು ಅವಳು ಈ ಸೀಟಿನಲ್ಲಿ ಕೂತು ಇದಕ್ಕೆ ಜೋತುಬಿದ್ದಿದ್ದಳು, ನಾನು ಪ್ಲಾಸ್ಟಿಕ್ಕನ್ನು ಬೈದಿದ್ದೆ.

"ನಾಳೆ ಬೆಳಿಗ್ಗೆಯೇ ಇದರ ಸ್ಕ್ರೂ ಬಿಗಿ ಮಾಡ್ತೇನೆ," ಎಂದೆ.

"ಮಾಡಿ," ಎಂದಳು ಲೀಲಾ, ಗೇರ್ ಇಳಿಸುತ್ತ. "ಇನ್ನು ಅದು ನಿಮಗೇ ಬೇಕಾಗೋದು."